ಐಸಿನಲ್ಲಿ ಒಯ್ದ ಡಬ್ಬಿ

ಮಕ್ಕಳಾಗದ್ದಕ್ಕೆ ನನ್ನ ಗಂಡನ ವೀರ್ಯ ಪರೀಕ್ಷೆ ಮಾಡಿಸಬೇಕಿತ್ತು. ಅಂದು ಅವರು ಎಂದಿನಂತೆ ಎಮ್ಮೆ ಹಿಂಡಿ, ನನ್ನೊಂದಿಗೆ ದಿಗ್ಗೇವಾಡಿಯಿಂದ ಚಿಕ್ಕೋಡಿಯ ಲ್ಯಾಬಿಗೆ ಹೊರಟರು. ದನದ ಡಾಕ್ಟರು ಎಮ್ಮೆಗೆ ವೀರ್ಯವನ್ನು ತಣ್ಣಗಿನ ಕ್ಯಾನಿನಲ್ಲಿ ತರುವುದನ್ನು ಕಂಡಿದ್ದರಿಂದ, ತಮ್ಮ ವೀರ್ಯದ ಡಬ್ಬಿಯನ್ನೂ ಐಸಿನಲ್ಲಿಟ್ಟಿದ್ದರು.

ಲ್ಯಾಬಿನವರು ಯಾರ ಮುಖವನ್ನೂ ನೋಡದೆ, ಕನ್ನಡಕ ಒರೆಸುತ್ತ, "ಗಾಬರಿ ಆಗಬ್ಯಾಡ್ರಿ" ಎಂದೇ ಎಲ್ಲರೊಡನೆ ಮಾತು ತೆಗೆಯುತ್ತಿದ್ದರು. ನಮಗೂ ಹಾಗೇ ಅಂದು, ಡಬ್ಬಿಯಲ್ಲಿದ್ದದ್ದನ್ನು ಪರೀಕ್ಷಿಸಿ ಹೇಳಿದರು:

"ವೀರ್ಯಾಣು ಎಲ್ಲಾ ಸತ್ತಾವ್ರಿ. ಬರ್ಫದಾಗ ತರಾಕ ಇದೇನ್ ಕೋಣಂದೇನ್ರಿ? ಮುಂದಿನ ವಾರ ಬಂದು ಇಲ್ಲೇ ಕೊಡ್ರಿ."

ಗಂಡನ ಕಿವಿಗೆ ಬಿದ್ದದ್ದು 'ಎಲ್ಲಾ ಸತ್ತಾವ' ಎಂಬ ಮಾತು ಮಾತ್ರ. "ಬರ್ಫಕ್ಕ ಸತ್ತಾವ್ರಿ" ಎಂದು ಬಸ್ಸಿನಲ್ಲಿ ನಾನೆಷ್ಟು ಹೇಳಿದರೂ, "ನಂದು ಮುಗೀತು ಬಿಡು" ಎಂದರು. ಮರುದಿನ ಅವರ ಹೆಣ ಕೃಷ್ಣಾ ನದಿಯಲ್ಲಿ ಸಿಕ್ಕಿತು.

ಸುದ್ದಿ ಕೇಳಿ ಲ್ಯಾಬಿನವರು ಮನೆಗೆ ಬಂದರು. ನನ್ನ ಮುಖ ನೋಡಿದರು.

ಎರಡನೇ ಪರೀಕ್ಷೆ ಆಗಲೇ ಇಲ್ಲ. ಕೊರತೆ ಯಾರಲ್ಲಿತ್ತೆಂದು ಇಂದಿಗೂ ಗೊತ್ತಿಲ್ಲ.