ಜಗುಲಿ ಮೇಲೆ ಎರಡು ಕುರ್ಚಿ

ಲಿಂಗಸುಗೂರಿನ ಕಿರಾಣಿ ಅಂಗಡಿ ಅಮರಗುಂಡಪ್ಪನ ಹೆಂಡತಿ ಕಲ್ಯಾಣಮ್ಮ ಒಮ್ಮೆ ಹಟ್ಟಿಗೆ ಹೋಗಿ, ಗಣಿ ಸಾಹೇಬರ ಕ್ವಾರ್ಟರ್ಸನ್ನು ಕಿಟಕಿಯಿಂದ ಇಣುಕಿ ನೋಡಿ ಬಂದಳು. ಹಟ್ಟಿಗೆ ಹೋದವರೆಲ್ಲ ಬಂಗಾರದ ಮಾತಾಡುತ್ತ ಬರುತ್ತಾರೆ. ಈಕೆ ಪರದೆಯ ಮಾತಾಡುತ್ತ ಬಂದಳು.

ಐವತ್ತೈದನೆಯ ಇಸವಿಯಲ್ಲಿ ಗಂಡ ನಮ್ಮ ಓಣಿಯಲ್ಲೇ ಮನೆ ಕೊಂಡ ಮೇಲೆ ಆ ಹುಚ್ಚಿಗೆ ಜಾಗ ಸಿಕ್ಕಿತು. ಹಳೆಯ ಇಳಕಲ್ ಸೀರೆಗಳು ಕಿಟಕಿಗೇರಿದವು. ಅಂಗಡಿಯ ಚಹಾ ಪೆಟ್ಟಿಗೆಗಳು ಕಾಲು ಹಚ್ಚಿಸಿಕೊಂಡು ಟೀಪಾಯಿಯಾದವು. ಎಣ್ಣೆ ಡಬ್ಬಿಗಳು ಹಸಿರು ಬಣ್ಣ ಬಳಿದುಕೊಂಡು, ತಲೆಯ ಮೇಲೆ ಮಲ್ಲಿಗೆ ಗಿಡ ಹೊತ್ತು, ಬಾಗಿಲ ಎರಡೂ ಕಡೆ ಸಿಪಾಯಿಗಳಂತೆ ನಿಂತವು. ಸುಣ್ಣಕ್ಕೆ ಕಲಸಿದ ನೀಲಿ ಮಾತ್ರ ಕೊಂಚ ಹೆಚ್ಚಾಯಿತು. ಆ ಪಡಸಾಲೆಯಲ್ಲಿ ಕೂತಾಗ ನನ್ನ ಅಂಗಿ ಮೊದಲ ಸಲ ಒಗೆದಂತೆ ಕಂಡಿತು.

ಇಷ್ಟಾದರೂ ಕಲ್ಯಾಣಮ್ಮನ ಜೀವ ತುಯ್ಯುತ್ತಿದ್ದುದು ಒಂದಕ್ಕೇ. ಅತ್ತೆ ವೀರಭದ್ರಮ್ಮ ಮಸ್ಕಿಯಲ್ಲಿ ಕಿರಿಯ ಮಗನ ಬಳಿ ಇದ್ದರು. ಎಳೆಯ ವಯಸ್ಸಿನಲ್ಲಿ ಸೊಸೆಯಾಗಿ ಬಂದ ಇವಳಿಗೆ ಜಡೆ ಹೆಣೆದು, ರೊಟ್ಟಿ ಬಡಿಯಲು ಕಲಿಸಿ, ಗಂಡನೊಡನೆ ಜಗಳವಾದಾಗಲೆಲ್ಲ ಇವಳ ಪಕ್ಷ ವಹಿಸಿದವರು. ಅವರು ಈ ಮನೆಯಲ್ಲೇ ಇರಬೇಕೆಂದು ಇವಳ ಹಟ. ಜಗುಲಿ ಇಲ್ಲದ ಮನೆಯಲ್ಲಿ ನೀರೂ ಕುಡಿಯುವುದಿಲ್ಲ, ಮೊದಲು ಕಟ್ಟಿಸು, ಬಂದು ನೋಡುತ್ತೇನೆ, ಮನಸ್ಸಿಗೆ ಬಂದರೆ ಇದ್ದೇನು, ಇಲ್ಲದಿದ್ದರೆ ಬಂದ ಬಸ್ಸಿಗೇ ವಾಪಸ್ ಎಂದು ಅವರು ಹೇಳಿ ಕಳಿಸಿದರು. ಜಗುಲಿ ಎಂದರೆ ನಮ್ಮ ಕಡೆ ಮನೆಯೊಳಗೆ ದೇವರನ್ನಿಡುವ ಕಟ್ಟೆ.

ಹೊಸ ನಮೂನೆಯ ಮನೆಗೆ ಜಗುಲಿ ಎಂಥದಿರಬೇಕು? ಅಂಗಡಿಗೆ ರದ್ದಿಯಾಗಿ ಬಂದ ಮೈಸೂರಿನ ಮಾಸಪತ್ರಿಕೆಯೊಂದರಲ್ಲಿ ಕಡಿಮೆ ಖರ್ಚಿನ ಚೆಂದದ ಮನೆಯ ಬಗ್ಗೆ ಲೇಖನವಿತ್ತು. ನಿಜಾಮನ ಕಾಲದಲ್ಲಿ ಉರ್ದು ಕಲಿತ ಅಮರಗುಂಡಪ್ಪ ಅಕ್ಷರಕ್ಕಕ್ಷರ ಕೂಡಿಸಿ ಓದಿದ: “ಜಗಲಿಯಲ್ಲಿ ಎರಡು ಕುರ್ಚಿಗಳಿರಲಿ. ಬಂದವರು ಆರಾಮವಾಗಿ ಕುಳಿತು ಕಾಫಿ ಕುಡಿಯಲಿ.”

ಮೈಸೂರಿನವರಿಗೆ ಜಗಲಿ ಎಂದರೆ ಬಾಗಿಲ ಮುಂದಿನ ಕಟ್ಟೆ ಎಂಬುದು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನಂತೆ ತಲೆಯಾಡಿಸಿದವನು ನಾನೊಬ್ಬ.

“ಆ ಕಡಿ ದೇವ್ರು ಕಾಫಿ ಕುಡೀತಾವೇನು?” ಎಂದು ಅಮರಗುಂಡಪ್ಪ ಕೇಳಿದ.

“ಊರಿಗೊಂದು ರೂಢಿ ಇರ್ತೈತಿ. ನಾವು ಹಾಲು ಇಡೂನು. ಕುರ್ಚಿ ಇರ್ಲಿ,” ಎಂದಳು ಕಲ್ಯಾಣಮ್ಮ.

ಬಡಿಗ ನನ್ನೇಸಾಬ ಬೇವಿನ ಕಟ್ಟಿಗೆಗೆ ಮಂಚದ ನವಾರು ಹೆಣೆದು ಅಗ್ಗದಲ್ಲೇ ಮಾಡಿಕೊಡಲು ಒಪ್ಪಿದ. ಆದರೆ ಅವನಿಗೊಂದು ಅನುಮಾನ.

“ಯಾರ ಅಳತೀಲೆ ಮಾಡ್ಲಿ ಅಕ್ಕಾ? ದೇವ್ರದೋ, ಮನಶ್ಯಾರದೋ?”

“ದೊಡ್ಡದ ಮಾಡೋ ಅಣ್ಣಾ. ದೇವ್ರು ಬೇಕಂದ್ರ ಸಣ್ಣಾಗ್ತಾನ, ನಮಗ ಬರಂಗಿಲ್ಲ.”

ವೀರಭದ್ರಮ್ಮ ಬಸ್ಸಿಳಿದು ಬಂದಾಗ ಅರ್ಧ ಓಣಿ ಆ ಪಡಸಾಲೆಯಲ್ಲಿತ್ತು. ಪರದೆ ನೋಡಿದರು, ಟೀಪಾಯಿ ನೋಡಿದರು. ಗೋಡೆ ಹಿಡಿದುಕೊಂಡು ಮೆಲ್ಲಗೆ ದೇವರ ಕೋಣೆಗೆ ನಡೆದರು. ಜಗುಲಿಯ ಮೇಲೆ ಎರಡು ಕುರ್ಚಿ. ಒಂದರಲ್ಲಿ ಬೆರಳುದ್ದದ ಬೆಳ್ಳಿಯ ವೀರಭದ್ರ, ರೈಲಿನ ಇಡೀ ಡಬ್ಬಿಯಲ್ಲಿ ಒಬ್ಬನೇ ಹೊರಟ ಸಾಹೇಬನಂತೆ ಕೂತಿದ್ದ. ಇನ್ನೊಂದು ಖಾಲಿ.

“ಇದು ಯಾರಿಗೆ?”

ಅಮರಗುಂಡಪ್ಪ ನನ್ನ ಕಡೆ ನೋಡಿದ. ನಾನು ತೊಲೆಯ ಕಡೆ ನೋಡಿದೆ. ಕಲ್ಯಾಣಮ್ಮ, “ನಿಮಗರೀ ಅತ್ತಿ,” ಅಂದುಬಿಟ್ಟಳು.

“ದೇವ್ರ ಸರಿಸಮ ಕುಂದ್ರಸ್ತೀಯೇನ ನನ್ನ? ಇಳಸು ಕೆಳಗ.”

ಇಳಿಸಿದರು. ವೀರಭದ್ರಮ್ಮ ನವಾರನ್ನು ಒತ್ತಿ ನೋಡಿ ತುದಿಯಲ್ಲಿ ಕೂತರು. ಆಮೇಲೆ ಹಿಂದಕ್ಕೆ ಸರಿದು ಪೂರ್ತಿ ಕೂತರು. ವೀರಭದ್ರ ನೇರ ಕಣ್ಣಿಗೆ ಕಣ್ಣು. ವಿಭೂತಿ ಹಚ್ಚಿಕೊಂಡು ಕೈಮುಗಿದವರು ಎಷ್ಟು ಹೊತ್ತಾದರೂ ಏಳಲಿಲ್ಲ. ಹೊರಗೆ ಮಸ್ಕಿಯ ಬಸ್ಸು ಹಾರ್ನ್ ಹೊಡೆಯಿತು. ಅಮರಗುಂಡಪ್ಪ ಸಪ್ಪೆ ಮುಖದಿಂದ ತಾಯಿಯ ಬಟ್ಟೆಗಂಟು ಎತ್ತಿಕೊಂಡು ಬಾಗಿಲಲ್ಲಿ ನಿಂತ.

“ನೆಲದ ಮ್ಯಾಲ ಕುಂತ್ರ ದೇವ್ರ ಬಿಟ್ಟು ಮಂಡಿನೋವಿನ ಧ್ಯಾನ ಆಗ್ತಿತ್ತು,” ಎಂದರು ವೀರಭದ್ರಮ್ಮ, ಸೊಸೆಯ ಕೈ ಹಿಡಿದು. “ಇವತ್ತ ದೇವ್ರ ಮಾರಿ ಕಂಡೈತಿ ನೋಡು.” ಆಮೇಲೆ ಮಗನ ಕಡೆ ತಿರುಗಿದರು. “ಎಲ್ಲಿಗೆ ಹೊಂಟೀಯೋ ಅದನ್ನ ತಗೊಂಡು? ಗಂಟು ಒಳಗಿಡು. ಪೂಜಿ ಇನ್ನಾ ಮುಗದಿಲ್ಲ ನಂದು.”