ಗಂಜಿಪುಡಿ ಡಬ್ಬಿಯ ಮೇಲಿದ್ದವಳು

ನಮ್ಮಜ್ಜಿಯನ್ನು ಊರಿಗೆ ಊರೇ ನೋಡಿದೆ. ಅವಳ ಮುಖ ಮಾತ್ರ ಯಾರಿಗೂ ಗೊತ್ತಿಲ್ಲ. ಬಟ್ಟೆಗೆ ಹಾಕುವ ಗಂಜಿಪುಡಿಯ ಡಬ್ಬಿಯ ಮೇಲೆ ಇದ್ದಲಿನಂಥ ಬಣ್ಣ ಬಳಿಸಿಕೊಂಡು, ತುಟಿ ಊದಿಸಿಕೊಂಡು, ಮೂವತ್ತೆರಡೂ ಹಲ್ಲು ಕಿಸಿದು ನಿಂತಿದ್ದಳಲ್ಲ ಆಳುಹೆಂಗಸು, ಅವಳೇ. ಬರೆದವನ ಕೈ ಸೇದಿಹೋಗಲಿ!

ಅಜ್ಜಿ ಆ ಕಂಪನಿಯಲ್ಲಿದ್ದಳು. ದೊಡ್ಡ ಅಂಗಡಿಗಳ ಬಾಗಿಲಲ್ಲಿ ಮೇಜು ಹಾಕಿಕೊಂಡು, ದಿನವಿಡೀ ನಿಂತು, ಜನರೆದುರು ಅಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿ ತೋರಿಸುವುದು ಅವಳ ಕೆಲಸ. ಅವಳನ್ನು ನೋಡಿಯೇ ಕಂಪನಿ ಡಬ್ಬಿಯ ಆ ಚಿತ್ರ ಬರೆಸಿತ್ತು. ಕಾಲರನ್ನು ಮೊದಲು ಒಳಮಗ್ಗುಲಿನಿಂದ ಒತ್ತುತ್ತಿದ್ದಳು, ತುದಿಯಿಂದ ನಡುವಿಗೆ. "ನಗು, ನಗು" ಎಂದು ಮೇಲಿನವರು ಹಿಂದೆ ನಿಂತು ಗದರುತ್ತಿದ್ದರಂತೆ. ಮನೆಗೆ ಬಂದು ಅಮ್ಮನ ಹತ್ತಿರ, "ಕೈ ನೋಯಲ್ಲ ಕಣೇ, ದವಡೆ ನೋಯುತ್ತೆ" ಅನ್ನುತ್ತಿದ್ದಳಂತೆ. ಮನೆಯಲ್ಲಿ ನಕ್ಕರೆ ಸದ್ದೇ ಇಲ್ಲ. ಬಾಯಿ ಮುಚ್ಚಿರುತ್ತಿತ್ತು, ಹೊಟ್ಟೆ ಕುಣಿಯುತ್ತಿತ್ತಂತೆ. ನಾನು ಹುಟ್ಟುವ ಮೊದಲೇ ತೀರಿಕೊಂಡಳು.

ಕಳೆದ ವರ್ಷ, ಕಪ್ಪು ಮೈಯವರನ್ನು ಹೀಗೆ ಅಣಕಿಸುವುದೇ ಎಂದು ಜನ ಛೀ ಥೂ ಎಂದ ಮೇಲೆ ಕಂಪನಿ ಆ ಚಿತ್ರ ತೆಗೆದುಹಾಕಿತು. ಪೀಡೆ ತೊಲಗಿತು ಎಂದು ನಾನು ಕುಣಿದೆ. ಅಮ್ಮ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

"ಖುಷಿಪಡೋದು ಬಿಟ್ಟು ಇದೇನಮ್ಮ?"

"ಖುಷೀನೇ. ಆದ್ರೆ ನಮ್ಮವ್ವಂದು ಬೇರೆ ಫೋಟೋ ಎಲ್ಲಿದೆ ಹೇಳು? ಕೆಟ್ಟದೋ ಒಳ್ಳೇದೋ, ಅದೊಂದೇ ಇತ್ತು."

ಅಮ್ಮನಿಗೆ ಈಗೀಗ ಮರೆವು ಬೇರೆ. ಅವಳೂ ಮರೆತರೆ ಅಜ್ಜಿಯೆಂದು ಉಳಿಯುವುದು ಆ ಹಲ್ಲೇ.

ಅಜ್ಜಿಯ ನಿಜವಾದ ಮುಖ ಬರೆಸೋಣವೆಂದು ಅಂಗಡಿ ಬೋರ್ಡು ಬರೆಯುವವನನ್ನು ಕರೆಸಿದೆ. ಅಮ್ಮ, ಚಿಕ್ಕಮ್ಮ ಅವನ ಆಚೀಚೆ ಕೂತು ಹೇಳಿಕೊಡತೊಡಗಿದರು.

"ಮೂಗು ಇನ್ನೂ ಸ್ವಲ್ಪ ಮೊಂಡಪ್ಪ," ಎಂದಳು ಚಿಕ್ಕಮ್ಮ.

"ನಿನ್ ತಲೆ! ಮೊಂಡು ಮೂಗು ನಿಂದು, ಅವ್ವಂದು ನೆಟ್ಟಗಿತ್ತು," ಎಂದಳು ಅಮ್ಮ.

ಅವನು ಪಾಪ, ಅಳಿಸಿದ, ಬರೆದ, ಮತ್ತೆ ಅಳಿಸಿದ. ಕಣ್ಣು ಬಂತು, ಹಣೆ ಬಂತು, ಕೆನ್ನೆಯ ಗುಳಿಯೂ ಬಂತು. ಆದರೆ ಬಾಯಿಗೆ ಬಂದಾಗ ಅವನ ಕೈ ತನ್ನಷ್ಟಕ್ಕೆ ಡಬ್ಬಿಯ ನಗುವನ್ನೇ ಬರೆದಿತ್ತು. ಚಿಕ್ಕಂದಿನಿಂದ ಅವನೂ ನೋಡಿದ್ದು ಅದನ್ನೇ ತಾನೇ.

"ಈ ಹಲ್ಲು ಕಂಪನೀದಪ್ಪ," ಎಂದಳು ಅಮ್ಮ. "ನಮ್ಮವ್ವಂದಲ್ಲ. ಬಾಯಿ ಮುಚ್ಚು."

ಅವನು ಮುಚ್ಚಿದ. ತುಟಿ ಸೇರಿದ್ದೇ ತಡ, ಅಕ್ಕತಂಗಿಯರ ಜಗಳ ನಿಂತಿತು. ಚಿಕ್ಕಮ್ಮ ಬಿಕ್ಕಿದಳು. ಅಮ್ಮ ಎದ್ದು, ತಾನು ಕೂತಿದ್ದ ಕುರ್ಚಿಯನ್ನು ಚಿತ್ರದ ಹತ್ತಿರಕ್ಕೆ ಎಳೆದಳು.

"ನಿಂತೂ ನಿಂತೂ ಸುಸ್ತಾಯ್ತೇನವ್ವಾ," ಎಂದಳು. "ಬಾ, ಕೂತ್ಕೋ."