ಬೆಳ್ಳಿ ಒಳಲೆಯಲ್ಲಿ ಸೇಬು

ನಮ್ಮ ಮನೆಯಲ್ಲಿ ಸೇಬು ಬೇಯುತ್ತಿದ್ದದ್ದು ಇಡ್ಲಿ ಪಾತ್ರೆಯಲ್ಲಿ. ಸಿಪ್ಪೆ, ಬೀಜ ತೆಗೆದು, ಹೋಳು ಮಾಡಿ, ಸಣ್ಣ ಬಟ್ಟಲಲ್ಲಿ ಹಾಕಿ ಹಬೆಗಿಡುತ್ತಿದ್ದೆ. ಬೆರಳಿಗೆ ಮೆತ್ತಗೆ ಸಿಕ್ಕುವಷ್ಟು ಬೆಂದ ಮೇಲೆ, ಅದಕ್ಕೆಂದೇ ತಂದ ಹೊಸ ಟೀ ಜಾಲರಿಗೆ ಹಾಕಿ ಚಮಚದ ಹಿಂಬದಿಯಿಂದ ತಿಕ್ಕುತ್ತಿದ್ದೆ. ಕೆಳಗಿನ ಬಟ್ಟಲಿಗೆ ನುಣ್ಣನೆಯ ತಿರುಳು ಇಳಿಯುತ್ತಿತ್ತು. ಮಿಕ್ಸಿಗೆ ಹಾಕಬಹುದಿತ್ತು, ಆದರೆ ನಮ್ಮ ಮಿಕ್ಸಿಯ ಚಿಕ್ಕ ಜಾರಿಗೆ ಚಟ್ನಿಯ ಬೆಳ್ಳುಳ್ಳಿ ವಾಸನೆ ಹತ್ತಿಹೋಗಿದೆ. ಎಷ್ಟು ತೊಳೆದರೂ ಹೋಗುವುದಿಲ್ಲ.

ಮಗಳಿಗೆ ಅರ್ಧ ಸೇಬು ಸಾಕಾಗುತ್ತಿತ್ತು. ಉಳಿದರ್ಧವನ್ನು ಅತ್ತೆ "ಕಪ್ಪಾಗೋಗತ್ತೆ ಕಣಮ್ಮ" ಎಂದು ಉಪ್ಪು ಖಾರದಪುಡಿ ಉದುರಿಸಿಕೊಂಡು ತಿನ್ನುತ್ತಿದ್ದರು.

ಅವಳಿಗೆ ಆಗಷ್ಟೇ ಆರು ತಿಂಗಳು ತುಂಬಿತ್ತು. ನಾನು ಪ್ರಯೋಗಾಲಯವೊಂದರಲ್ಲಿ ನೀರಿನ ಮಾದರಿಗಳನ್ನು ಪರೀಕ್ಷೆ ಮಾಡುವವಳು. ರಜೆ ಮುಗಿದು ಸೋಮವಾರ ಕೆಲಸಕ್ಕೆ ಮರಳಬೇಕಿತ್ತು. ಮಗಳು ಹಾಲಿನ ಬಾಟಲಿಯನ್ನು ಬಾಯಿಗೇ ತಾಗಿಸಿಕೊಳ್ಳುತ್ತಿರಲಿಲ್ಲ. ಹಗಲಿನಲ್ಲಿ ಅತ್ತೆಯ ಕೈಯಿಂದ ಸ್ವಲ್ಪ ಹಣ್ಣನ್ನಾದರೂ ತಿಂದರೆ ಸರಿ, ಇಲ್ಲದಿದ್ದರೆ ಕೆಲಸ ಬಿಡುವುದು ಎಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದೆ. ಗಂಡನಿಗೂ ಹೇಳಿರಲಿಲ್ಲ. ಹೇಳಿದರೆ ಚರ್ಚೆಯಾಗುತ್ತದೆ. ನನಗೆ ಚರ್ಚೆ ಬೇಕಿರಲಿಲ್ಲ.

ಅವಳು ತಿನ್ನುತ್ತಿರಲಿಲ್ಲ. ಸೇಬು, ಏಲಕ್ಕಿ ಬಾಳೆ, ಸಪೋಟ, ಎಲ್ಲಕ್ಕೂ ತುಟಿ ಬಿಗಿದು ಮುಖ ತಿರುಗಿಸುತ್ತಿದ್ದಳು. ಅಳುತ್ತಿದ್ದಾಗ ಒಂದಿಷ್ಟು ಒಳಗೆ ಹೋದರೂ ಅದು ಹಾಗೇ ಗಲ್ಲದ ಮೇಲೆ ಇಳಿಯುತ್ತಿತ್ತು.

"ಉಗಿದ್ಬುಟ್ಲು ನೋಡು," ಎನ್ನುತ್ತಿದ್ದರು ಅತ್ತೆ. "ಚೂರು ಕಲ್ಲುಸಕ್ಕರೆ ಪುಡಿ ಹಾಕಿದ್ರೆ ಏನಾಗತ್ತೆ?"

"ಬೇಡ ಅಂದಿದಾರೆ ಅತ್ತೆ, ಡಾಕ್ಟರು."

"ಆ ಡಾಕ್ಟರಿಗೆ ಅವರಮ್ಮ ಏನು ತಿನ್ನಿಸಿದ್ರೋ ಕೇಳ್ಬೇಕಿತ್ತು ನೀನು."

ಈ ಡಾಕ್ಟರ ವಿಷಯದಲ್ಲಿ ನಮ್ಮಿಬ್ಬರ ನಡುವೆ ಒಂದು ರಾಜಿ ಆಗಿತ್ತು. ಮಗುವಿಗೆ ಬಜೆ ತೇಯ್ದು ನೆಕ್ಕಿಸಬೇಕೆಂದು ಅತ್ತೆಗೆ ಆಸೆ. ಡಾಕ್ಟರು ಬಜೆ ಬೇಡವೆಂದು ಕಬ್ಬಿಣದಂಶದ ಹನಿ ಔಷಧಿ ಬರೆದುಕೊಟ್ಟರು. ಆಗಲಿ, ಹನಿಯನ್ನೇ ಹಾಕೋಣ, ಆದರೆ ಒಳಲೆಯಲ್ಲಿ ಹಾಕೋಣ ಎಂದರು ಅತ್ತೆ. ಒಳಲೆ ಎಂದರೆ ಕೊಕ್ಕಿನಂಥ ಮೂತಿ ಇರುವ ಪುಟ್ಟ ಬೆಳ್ಳಿ ಬಟ್ಟಲು. ನನ್ನ ಗಂಡ ಕೂಸಾಗಿದ್ದಾಗ ಕುಡಿದದ್ದೂ ಅದರಲ್ಲೇ. ನಾನು ಸಂತೋಷವಾಗಿ ಒಪ್ಪಿದೆ. ಹಣ್ಣಿನ ದಿನಗಳು ಶುರುವಾದಾಗ, ಅತ್ತೆಗೆ ಖುಷಿಯಾಗಲೆಂದು ಹಣ್ಣನ್ನೂ ನೀರಾಗಿಸಿ ಅದರಲ್ಲೇ ಹಾಕತೊಡಗಿದೆ.

ಶನಿವಾರ ಬೆಳಿಗ್ಗೆ ಹಿತ್ತಲ ಬಾಗಿಲ ಹತ್ತಿರ, ಬಿಸಿಲು ಬೀಳುವಲ್ಲಿ ಚಾಪೆ ಹಾಸಿ ಕೂತಿದ್ದೆವು. ಸೇಬು ತಿಕ್ಕಿ ಮುಗಿಸಿ, ಜಾಲರಿಯನ್ನು ಪಕ್ಕಕ್ಕಿಟ್ಟು, ತೊಳೆದ ಒಳಲೆಯನ್ನು ಒರೆಸುತ್ತಿದ್ದೆ. ಇನ್ನೂ ಏನೂ ಹಾಕಿರಲಿಲ್ಲ. ಅತ್ತೆಯ ತೊಡೆಯ ಮೇಲಿದ್ದ ಮಗಳು ಅದನ್ನು ನೋಡಿದ್ದೇ ತುಟಿ ಒಳಗೆಳೆದುಕೊಂಡಳು. ನಾನು ಒಳಲೆಯನ್ನು ಬೆನ್ನ ಹಿಂದೆ ಹಿಡಿದೆ. ತುಟಿ ಸಡಿಲವಾಯಿತು. ಮತ್ತೆ ಮುಂದೆ ತಂದೆ. ಮತ್ತೆ ಬಿಗಿಯಿತು.

ನಾನು ಯೋಚಿಸುತ್ತಿರುವಾಗಲೇ ಅವಳು ಬಾಗಿ ಟೀ ಜಾಲರಿಯನ್ನು ಎಳೆದುಕೊಂಡು ಬಾಯಿಗಿಟ್ಟಳು. ಅದರ ತಳಕ್ಕೆ ಮೆತ್ತಿಕೊಂಡಿದ್ದ ಸೇಬನ್ನು ಚೀಪಿದಳು. ಕಣ್ಣರಳಿಸಿದಳು. ಮತ್ತೆ ಚೀಪಿದಳು.

"ಅಯ್ಯೋ, ಜಾಲರಿ ಕಚ್ತಿದಾಳೆ ಕಣಮ್ಮ, ಕಿತ್ಕೋ!"

"ಇರಿ ಅತ್ತೆ, ಒಂದ್ನಿಮಿಷ."

ಎದ್ದು ಹೋಗಿ ಔಷಧಿಯ ಒಂದು ಹನಿಯನ್ನು ನನ್ನ ನಾಲಿಗೆಯ ಮೇಲೆ ಬಿಟ್ಟುಕೊಂಡೆ. ಹಳೆಯ ಮೊಳೆ ಚೀಪಿದ ಹಾಗಿತ್ತು. ಅವಳ ಲೆಕ್ಕದಲ್ಲಿ ಆ ಬೆಳ್ಳಿ ಬಟ್ಟಲಿನಿಂದ ಬರುವುದೆಲ್ಲ ಇದೇ.

ಅತ್ತೆಗೆ ಹೇಳಿದಾಗ ಅವರು ಒಳಲೆಯನ್ನು ಕೈಗೆ ತೆಗೆದುಕೊಂಡು ಸೆರಗಿನಿಂದ ಉಜ್ಜಿದರು. ಸ್ವಲ್ಪ ನೊಂದುಕೊಂಡರೇನೋ. ಅಷ್ಟರಲ್ಲಿ ನನ್ನ ಗಂಡ ಪೇಪರ್ ಹಿಡಿದು ಅಲ್ಲಿಗೆ ಬಂದ.

"ಏನು ಮಾಡ್ತು ಪಾಪ ಒಳಲೆ? ನಾನೂ ಅದರಲ್ಲೇ ಕುಡಿದು ಬೆಳೆದಿದ್ದಲ್ವಾಮ್ಮ?"

"ನೀನೆಲ್ಲೋ ಕುಡೀತಿದ್ದೆ? ನಿಮ್ಮಜ್ಜಿ ಕಾಲು ಹಿಡ್ಕೋಳೋರು, ನಾನು ಮೂಗು ಹಿಡ್ಕೋತಿದ್ದೆ. ಆಮೇಲೆ ನಮ್ಮಿಬ್ಬರ ಸೀರೆ ಮೇಲೂ ಉಗೀತಿದ್ದೆ," ಎಂದರು ಅತ್ತೆ. ಹೇಳುತ್ತಾ ಅವರಿಗೇ ನಗು ಬಂತು. "ಅಪ್ಪನ ಬುದ್ಧಿನೇ ಬಂದಿರೋದು ಬುಡು ಇದಕ್ಕೆ."

ಅಂದು ಸ್ಟೀಲ್ ಚಮಚದಲ್ಲಿ, ನೀರು ಬೆರೆಸದ ಗಟ್ಟಿ ಸೇಬನ್ನು ಅತ್ತೆಯೇ ತಿನ್ನಿಸಿದರು. ಮೊದಲ ಚಮಚಕ್ಕೆ ಅನುಮಾನಿಸಿದಳು. ಎರಡನೆಯದಕ್ಕೆ ಬಾಯಿ ತಾನಾಗಿ ತೆರೆಯಿತು. ನಾನು ಅಡುಗೆಮನೆಗೆ ಹೋಗಿ, ಆಗಲೇ ತೊಳೆದಿದ್ದ ಇಡ್ಲಿ ಪಾತ್ರೆಯನ್ನು ಇನ್ನೊಮ್ಮೆ ತೊಳೆದೆ.

ಸೋಮವಾರ ಬೆಳಿಗ್ಗೆ ಸೇಬು ಬೇಯಿಸಿ, ತಿಕ್ಕಿ, ಮುಚ್ಚಿಟ್ಟು ಹೊರಟೆ. ಬೆಳಗಿನ ಕೆಲಸದಲ್ಲಿ ನಾನು ಅಷ್ಟೇನೂ ನಿಖರವಾಗಿರಲಿಲ್ಲ. ಒಂದು ಮಾದರಿಯನ್ನು ಮತ್ತೆ ಅಳೆಯಬೇಕಾಯಿತು. ಮಧ್ಯಾಹ್ನ ನಾನು ಫೋನ್ ಮಾಡುವ ಮೊದಲೇ ಅತ್ತೆಯ ಫೋನ್ ಬಂತು. ಹಿನ್ನೆಲೆಯಲ್ಲಿ ಏನೋ ಟಣಟಣ ಸದ್ದು.

"ಬಟ್ಟಲು ಖಾಲಿ ಆಯ್ತು. ಇನ್ನೂ ಬೇಕಂತೆ ಮಹಾರಾಣಿಗೆ, ಜಾಲರೀಲಿ ಬಟ್ಟಲು ಬಡೀತಿದಾಳೆ, ಕೇಳಿಸ್ತಾ?"

"ಕೇಳಿಸ್ತಿದೆ ಅತ್ತೆ."

"ನೀನು ಊಟ ಮಾಡಿದ್ಯಾ?"

"ಈಗ ಮಾಡ್ತೀನಿ."

ಫೋನಿಟ್ಟು ಅತ್ತೆ ಕಟ್ಟಿಕೊಟ್ಟಿದ್ದ ಡಬ್ಬಿ ತೆಗೆದೆ. ಚಿತ್ರಾನ್ನದ ಮೇಲಿನ ಸಣ್ಣ ಡಬ್ಬಿಯಲ್ಲಿ ಉಳಿದರ್ಧ ಸೇಬು ಇತ್ತು, ಹೋಳು ಮಾಡಿ, ಉಪ್ಪು ಖಾರದಪುಡಿ ಉದುರಿಸಿದ್ದು. ಅಂಚು ಆಗಲೇ ಕಂದು ತಿರುಗಿತ್ತು. ಒಂದು ಹೋಳೂ ಬಿಡದೆ ತಿಂದೆ.